ಮಾತಾಡದೆ ತಂದ ಬೇರು

ಕಾರ್ತಿಕ ಕಳೆದು ರಾಗಿ ಕೊಯ್ಲು ಅರ್ಧ ಮುಗಿದಿತ್ತು. ಅಂದು ಗುರುವಾರ. ಮಧ್ಯಾಹ್ನ ಮೂರು ಗಂಟೆಯ ಬಸ್ಸು ಜವಳಗಿರಿ ಕಡೆಗೆ ಹೋದ ಸದ್ದು ಕೇಳಿದ ಸ್ವಲ್ಪ ಹೊತ್ತಿಗೆ ನನ್ನ ಸೊಸೆ ಭಾನು ಕಣಕ್ಕೆ ಬಂದಳು. ಬಂದವಳು ಮಾತಾಡದೆ ರಾಗಿ ತೆನೆ ಆಯುತ್ತಾ ಕೂತಳು. ಅವಳಿಗೆ ನನ್ನಿಂದ ಏನೋ ಬೇಕು ಅಂತ ಗೊತ್ತಾಯಿತು. ನಾನೂ ಕಾದೆ.

ಅವಳ ಮಗಳು, ನನ್ನ ಮೊಮ್ಮಗಳು ಸಹನಾ, ಚೊಚ್ಚಲ ಬಸುರಿ. ಹೊಸೂರಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಳು, ಹೆರಿಗೆಗೆ ಅಂತ ನಮ್ಮ ಮನೆಗೆ ಬಂದಿದ್ದಳು. ಡಾಕ್ಟರು ಕೊಟ್ಟ ತಾರೀಖು ಮುಗಿದು ಆರು ದಿನ ಆಗಿತ್ತು, ನೋವಿನ ಸುಳಿವಿಲ್ಲ. ಊರೂರಿಗೆ ಬರುವ ನರ್ಸು ಚಂದ್ರಲೇಖಾ ಬೆಳಿಗ್ಗೆ ಬಂದು, ಸೋಮವಾರ ಬ್ಯಾಗು ತಗೊಂಡು ಆಸ್ಪತ್ರೆಗೆ ಬಂದುಬಿಡಿ, ಅಲ್ಲೇ ನೋವು ಬರುವ ಹಾಗೆ ಮದ್ದು ಕೊಡ್ತಾರೆ, ಅದಕ್ಕೂ ಬರದಿದ್ದರೆ ಮುಂದೆ ನೋಡೋಣ ಅಂತ ಹೇಳಿ ಹೋಗಿದ್ದಳು. ಮುಂದೆ ನೋಡೋಣ ಅಂದದ್ದು ಸಹನಾಗೆ ಆಪರೇಷನ್ ಅಂತಲೇ ಕೇಳಿಸಿತು. ಅವಳ ಜೊತೆ ಕೆಲಸ ಮಾಡುವ ಹುಡುಗಿ ಹೊಟ್ಟೆ ಕೊಯ್ಸಿಕೊಂಡ ಮೇಲೆ ಎಂಟು ಗಂಟೆ ನಿಲ್ಲಲಾರದೆ ಕೆಲಸ ಬಿಟ್ಟಿದ್ದಳಂತೆ. ಅದೇ ಭಯ.

ಫೋನಿನಲ್ಲಿ ನೋಡಿ ನೋಡಿ ಖರ್ಜೂರ ತಿಂದಳು, ಕುಕ್ಕರಗಾಲಲ್ಲಿ ಕೂತು ಅಂಗಳ ಸಾರಿಸಿದಳು. ಅವಳ ಗಂಡ ರವಿಕುಮಾರ್ ಹೊಸೂರಿಂದ ಎರಡು ಅನಾನಸ್ ತಂದುಕೊಟ್ಟ. ಯಾವುದಕ್ಕೂ ಮಗು ಜಗ್ಗಲಿಲ್ಲ. ನಮ್ಮ ಎಮ್ಮೆಗಿಂತ ಇದು ಮೊಂಡು ತಾತ, ಎಬ್ಬಿಸಿದರೂ ಏಳಲ್ಲ ಅಂತ ನಗುತ್ತಿದ್ದಳು.

ಭಾನು ಕೊನೆಗೆ ಬಾಯಿ ಬಿಟ್ಟಳು.

"ಮಾವ, ಅತ್ತೆ ಕಷ್ಟದ ಹೆರಿಗೆಗೆ ಒಂದು ಬೇರು ತರಿಸ್ತಿದ್ರಂತಲ್ಲ. ನೀವೇ ಅಗೀತಿದ್ರಂತೆ. ತಂದ್ಕೊಡ್ತೀರಾ?"

ನನ್ನ ಹೆಂಡತಿ ಹನುಮಕ್ಕ ಮೂವತ್ತು ವರ್ಷ ಈ ಸುತ್ತಿನ ಹಳ್ಳಿಗಳಲ್ಲಿ ಸೂಲಗಿತ್ತಿಯಾಗಿದ್ದಳು. ಅವಳು ಹೋಗಿ ಒಂಬತ್ತು ವರ್ಷ. ಸೊಂಟಕ್ಕೆ ಎಣ್ಣೆ, ಬಿಸಿನೀರು, ಜೀರಿಗೆ ಕಷಾಯ, ಮನೆಯೊಳಗೆ ಓಡಾಡಿಸುವುದು, ಅವಳ ವೈದ್ಯ ಅಷ್ಟೆ. ತೀರಾ ತಡವಾದರೆ ಮಾತ್ರ ಉತ್ತರಾಣಿ ಬೇರು. ಅದನ್ನು ಅಗೆದು ತರುವವನು ನಾನು. ಅದಕ್ಕೊಂದು ಕಟ್ಟು ಇತ್ತು. ಬಿಸಿಲು ಗಿಡದ ಮೇಲೆ ಬೀಳುವ ಮೊದಲೇ ಕೀಳಬೇಕು, ತುದಿ ಮುರಿಯಬಾರದು. ಮಣ್ಣಿಗೆ ಕೈ ಹಾಕಿದ ಗಳಿಗೆಯಿಂದ ಮಗು ಅಳುವವರೆಗೆ ತಂದವನು ಒಂದು ಮಾತೂ ಆಡಬಾರದು. ಆಡಿದರೆ ಹೆರಿಗೆ ಅಲ್ಲೇ ನಿಲ್ಲುತ್ತದೆ ಅನ್ನುತ್ತಿದ್ದರು. ಬೇರನ್ನು ಅವಳು ಹೆಂಗಸಿನ ಎಡತೊಡೆಗೆ ದಾರದಲ್ಲಿ ಕಟ್ಟುತ್ತಿದ್ದಳು. ಮಗು ಹೊರಬಿದ್ದ ಕೂಡಲೇ ಮೊದಲು ಆ ದಾರ ಕತ್ತರಿಸಿ, ಆಮೇಲೆ ಹೊಕ್ಕುಳಬಳ್ಳಿ. ಯಾರೋ ಒಮ್ಮೆ ಅರೆದು ಕುಡಿಸಬಾರದಾ ಅಂತ ಕೇಳಿದ್ದಕ್ಕೆ ಅವಳು ಹೇಳಿದ್ದು ನನಗೆ ನೆನಪಿದೆ.

"ಕಟ್ಟಿದ್ರೆ ಬಿಚ್ಬೋದು ಕಣಮ್ಮ. ಕುಡಿಸ್ಬುಟ್ರೆ ಏನ್ ಬಿಚ್ತೀಯ?"

ಭಾನುವಿಗೆ ಇದು ಯಾವುದೂ ತಿಳಿಯದು. ಅವಳ ಹೆರಿಗೆಗಳು ಅವಳ ತವರು ರಾಯಕೋಟೆಯ ಆಸ್ಪತ್ರೆಯಲ್ಲಿ ಆದವು. ನಾನು ಯೋಚಿಸಿದೆ. ಬೇರಿನಿಂದ ಹೆರಿಗೆ ಆಗುತ್ತದೆ ಅಂತ ನನಗೆ ಪೂರಾ ನಂಬಿಕೆ ಇರಲಿಲ್ಲ. ಕಾಲಿಗೆ ಕಟ್ಟಿದ್ದರಿಂದ ಕೆಡುವುದೇನು, ಸಹನಾಗೆ ಧೈರ್ಯವಾದರೂ ಬಂದೀತು, ಸೋಮವಾರ ಹೇಗೂ ಆಸ್ಪತ್ರೆಗೆ ಹೋಗುತ್ತಾರೆ ಅಂದುಕೊಂಡೆ. ನಾಳೆ ತರ್ತೀನಿ ಅಂದೆ. ಆ ಹೊತ್ತಿನಲ್ಲೇ, ಕುಡಿಸೋದಲ್ಲ, ಕಟ್ಟೋದು ಅಂತ ಒಂದು ಮಾತು ಸೇರಿಸಬಹುದಿತ್ತು. ಸೊಸೆಯ ಮುಂದೆ ತೊಡೆಯ ಮಾತೆತ್ತಲು ನಾಚಿಕೆಯಾಯಿತು. ಹೆಂಗಸರಿಗೆ ಗೊತ್ತಿರುತ್ತದೆ ಬಿಡು ಅಂತ ಸುಮ್ಮನಾದೆ.

ಶುಕ್ರವಾರ ಬೆಳಕು ಹರಿಯುವಾಗ ಕೆರೆ ಏರಿಯ ಮೇಲೆ ಹೋದೆ. ಆನೆಗಳು ತುಳಿದ ರಾಗಿ ಹೊಲ ಒಂದು ಬದಿ, ಇಬ್ಬನಿಯ ಹುಲ್ಲು ಇನ್ನೊಂದು ಬದಿ. ಗಿಡ ಸಿಕ್ಕಿತು. ಗುದ್ದಲಿ ಬಿಟ್ಟು ಕೈಯಲ್ಲೇ ಮಣ್ಣು ಬಿಡಿಸಿ ಬೇರನ್ನು ತುದಿಯವರೆಗೆ ಎತ್ತಿದೆ. ಬರುವಾಗ ಪಕ್ಕದ ಮನೆಯ ಗೋಪಾಲಪ್ಪ ಎದುರಾದ, ಏನ್ಲಾ ಮುತ್ತರಾಯ ಇಷ್ಟ್ ಹೊತ್ಗೆ ಅಂದ. ನಾನು ತಲೆಯಾಡಿಸಿದೆ.

"ಯಾಕ್ಲಾ, ಬಾಯ್ಗೆ ಬೀಗ ಹಾಕ್ಕೊಂಡಿದ್ದೀಯಾ? ಹನುಮಕ್ಕ ಹೋದ್ರೂ ನಿನ್ ಹೆದ್ರಿಕೆ ಹೋಗ್ಲಿಲ್ಲ ಬುಡು."

ನಕ್ಕು ದಾಟಿ ಬಂದೆ.

ಬಾಗಿಲಲ್ಲಿ ಭಾನು ಸೆರಗೊಡ್ಡಿ ಬೇರು ಇಸಕೊಂಡಳು. ಅವಳ ಹಿಂದೆ ಬೀಗಿತಿ ಲಕ್ಷ್ಮೀದೇವಮ್ಮ ನಿಂತಿದ್ದಳು. ರವಿಕುಮಾರನ ತಾಯಿ, ಕನಕಪುರದ ಕಡೆಯವಳು, ಹೆರಿಗೆ ನೋಡಲು ಬಂದು ನಾಲ್ಕು ದಿನವಾಗಿತ್ತು. ಬೇರು ನೋಡಿ ಅವಳ ಮುಖ ಅರಳಿತು, ಇದು ನಮ್ಮ ಕಡೆಯೂ ಉಂಟು ಅಂದಳು. ಅವಳಿಗೆ ಗೊತ್ತಿದೆ ಅಂತ ನನ್ನ ಮನಸ್ಸು ಹಗುರವಾಯಿತು. ಎಮ್ಮೆ ಕರೆದು, ಹಾಲು ಡೈರಿಗೆ ಹಾಕಲು ಹೋದೆ.

ಡೈರಿಯಲ್ಲಿ ಸಾಲು ಉದ್ದವಿತ್ತು. ತಿರುಗಿ ಬಂದಾಗ ಎಂಟೂವರೆ. ಅಂಗಳಕ್ಕೆ ಕಾಲಿಡುತ್ತಲೇ ಮೆಣಸಿನ ಘಾಟು, ಅದರ ಜೊತೆ ಹಸಿ ಬೇರು ಕುದಿಸಿದ ವಾಸನೆ. ಲಕ್ಷ್ಮೀದೇವಮ್ಮ ಒರಳುಕಲ್ಲು ತೊಳೆಯುತ್ತಿದ್ದಳು. ಕಲ್ಲಿನ ಬಾಯಿಯಲ್ಲಿ ಬೇರಿನ ಸಿಪ್ಪೆ ಅಂಟಿತ್ತು. ಒಳಗೆ ಸಹನಾ ಗೋಡೆಗೆ ಒರಗಿ ಕೂತು ಬಾಯಿ ಒರೆಸಿಕೊಳ್ಳುತ್ತಿದ್ದಳು, ಪಕ್ಕದಲ್ಲಿ ದೊಡ್ಡ ಲೋಟ ಖಾಲಿ.

"ತಾತ, ಅಜ್ಜಿ ಮದ್ದು ವಿಷ ಇದ್ದಂಗೈತೆ" ಅಂದಳು. ನಗುತ್ತಿದ್ದಳು.

ನಾನು ಹೊಸಿಲಲ್ಲಿ ನಿಂತೆ. ಬಾಯಿ ಬಿಡಬೇಕಿತ್ತು. ವಾಂತಿ ಮಾಡಿಸಿ ಅನ್ನಬೇಕಿತ್ತು, ಈಗಲೇ ಆಸ್ಪತ್ರೆಗೆ ಹೊರಡಿ ಅನ್ನಬೇಕಿತ್ತು. ನಾಲಿಗೆಯವರೆಗೆ ಬಂದಿತ್ತು. ಕುಡಿದದ್ದು ಕುಡಿದಾಗಿದೆ, ಈಗ ನಾನು ಮೌನವನ್ನೂ ಮುರಿದರೆ ಹೆರಿಗೆ ಅಡ್ಡಬಿದ್ದು ಇವಳು ಇನ್ನಷ್ಟು ಕಷ್ಟಕ್ಕೆ ಸಿಕ್ಕಿಬಿಟ್ಟರೆ? ಹಾಗೆ ಅನ್ನಿಸಿತು. ಅರವತ್ತು ವರ್ಷದ ಹಿಂದೆ ನನ್ನ ತಾಯಿಯ ಬಾಯಲ್ಲಿ ಕೇಳಿದ ಮಾತು ಅದು, ಮೈಯಲ್ಲಿ ಇಳಿದುಬಿಟ್ಟಿತ್ತು. ಹೋಗಿ ಜಗಲಿಯ ಮೇಲೆ ಕೂತೆ.

ಹತ್ತು ಗಂಟೆಗೆ ನೋವು ಶುರುವಾಯಿತು. ಒಳಗೆ ಹೆಂಗಸರಿಗೆ ಸಂತೋಷವೋ ಸಂತೋಷ. ನೋಡಿದ್ಯಾ, ಕುಡಿದು ಒಂದೂವರೆ ಗಂಟೆಯೊಳಗೇ ಹಿಡಿಯಿತು ಅಂತ ಬೀಗಿತಿ ಹೇಳುವುದು ಕೇಳಿಸಿತು.

ನಾನು ಮೂವತ್ತು ವರ್ಷ ಪರರ ಜಗಲಿಗಳ ಮೇಲೆ ಕೂತು ಹೆರಿಗೆ ಕೇಳಿದವನು. ನೋಡಿದ್ದಿಲ್ಲ, ಕೇಳಿದ್ದು ಮಾತ್ರ. ನೋವು ಬರುತ್ತದೆ, ಹೋಗುತ್ತದೆ. ಹೋದಾಗ ಹೆಂಗಸು ನೀರು ಕೇಳುತ್ತಾಳೆ, ಗಂಡನನ್ನು ಬೈಯುತ್ತಾಳೆ, ಎಷ್ಟೋ ಸಲ ನಗುತ್ತಾಳೆ. ಸಹನಾ ನೀರು ಕೇಳಲಿಲ್ಲ. ಬೈಯಲಿಲ್ಲ. ಒಂದು ನೋವು ಇಳಿಯುವ ಮೊದಲೇ ಇನ್ನೊಂದು ಅದರ ಮೇಲೆ ಏರುತ್ತಿತ್ತು, ನಡುವೆ ಉಸಿರಾಡಲು ಜಾಗವೇ ಇರಲಿಲ್ಲ. ಎದ್ದು ಬಾಗಿಲು ಬಡಿದೆ. ಭಾನು ಹೊರಗೆ ಬಂದಳು. ಕೈಯಲ್ಲಿ ರಸ್ತೆ ತೋರಿಸಿದೆ, ಫೋನು ತೋರಿಸಿದೆ. ನನ್ನ ಮುಖ ನೋಡಿ ಅವಳಿಗೂ ಹೆದರಿಕೆಯಾಯಿತು. ಆಂಬುಲೆನ್ಸಿಗೆ ಹೇಳಿದಳು.

ಅದು ಬರುವಾಗ ಹನ್ನೊಂದು ದಾಟಿತ್ತು. ಹೆಂಗಸರು ಹಿಂದೆ, ನಾನು ಮುಂದೆ ಡ್ರೈವರ್ ಪಕ್ಕ. ದಾರಿಯಲ್ಲಿ ಚಂದ್ರಲೇಖಾ ಫೋನು ಮಾಡಿದಳು. ಸ್ಪೀಕರಿನಲ್ಲಿ ಅವಳ ಮಾತು ನನಗೂ ಕೇಳಿಸಿತು. ಬೈಯಲ್ಲ ಅಕ್ಕಾ, ಏನಾದರೂ ಕುಡಿಸಿದ್ದರೆ ಹೇಳಿಬಿಡಿ ಅಂದಳು. ಭಾನು ಉತ್ತರ ಕೊಟ್ಟಳು.

"ಏನೂ ಇಲ್ಲ ಮೇಡಮ್. ಜೀರಿಗೆ ನೀರು ಅಷ್ಟೆ."

ಹಿಂದೆ ಇದ್ದ ಒಬ್ಬ ನರ್ಸು ನಾಟಿ ಮದ್ದು ಅಂದರೆ ಬಸುರಿಯರನ್ನು ಎಲ್ಲರ ಮುಂದೆ ನಿಲ್ಲಿಸಿ ಬೈಯುತ್ತಿದ್ದಳು. ಆ ಭಯ ನಮ್ಮೂರ ಹೆಂಗಸರಿಗೆ ಇನ್ನೂ ಬಿಟ್ಟಿರಲಿಲ್ಲ. ನಾನು ಮುಂದಿನ ಸೀಟಿನಲ್ಲಿ ಕೂತು ರಸ್ತೆ ನೋಡುತ್ತಿದ್ದೆ.

ಆಸ್ಪತ್ರೆಯಲ್ಲಿ ಸಣ್ಣ ವಯಸ್ಸಿನ ಡಾಕ್ಟರಮ್ಮ ಓಡಿ ಬಂದಳು. ಹೊಟ್ಟೆ ಮುಟ್ಟಿ ನೋಡಿ ಅವಳ ಮುಖ ಬದಲಾಯಿತು. ತಮಿಳುನಾಡಿನ ಆಸ್ಪತ್ರೆ, ತಮಿಳಿನಲ್ಲಿ ಅವಳೂ ಅದನ್ನೇ ಕೇಳಿದಳು, ಮನೆಯಲ್ಲಿ ಮದ್ದು ಏನಾದರೂ ಕೊಟ್ಟಿರಾ. ಲಕ್ಷ್ಮೀದೇವಮ್ಮನಿಗೆ ತಮಿಳು ಬಾರದು. ಭಾನು ನನ್ನ ಕಡೆ ನೋಡಿದಳು, ಆಮೇಲೆ ಇಲ್ಲ ಅಂದಳು. ಸಹನಾಳನ್ನು ಒಳಗೆ ತಳ್ಳಿಕೊಂಡು ಹೋದರು. ಒಬ್ಬ ಹೆಂಗಸನ್ನು ಮಾತ್ರ ಒಳಗೆ ಬಿಡುವುದು. ಭಾನು ಹೋದಳು.

ಬೆಂಚಿನ ಮೇಲೆ ಕೂತೆ. ಮಗನೂ ಅವನ ಅಳಿಯನೂ ಒಬ್ಬರ ಹಿಂದೆ ಒಬ್ಬರು ಬಂದರು. ನನ್ನ ಮಗ ತಿಮ್ಮರಾಜು ಕಲ್ಲು ಕ್ವಾರಿಯ ಧೂಳಿನಲ್ಲೇ ಬಂದಿದ್ದ, ರವಿಕುಮಾರ್ ಕಾರ್ಖಾನೆಯ ಬಟ್ಟೆಯಲ್ಲಿ. ಒಳಗೆ ಮಾಸು ಕಿತ್ತುಕೊಂಡಿದೆಯೋ ಏನೋ ಅಂತ ಡಾಕ್ಟರಿಗೆ ಅನುಮಾನ, ಅದಕ್ಕೆ ಸ್ಕ್ಯಾನ್ ಮಾಡುತ್ತಿದ್ದಾರೆ, ಇನ್ನೊಬ್ಬ ಡಾಕ್ಟರನ್ನು ಕರೆಸುತ್ತಿದ್ದಾರೆ ಅಂತ ಯಾರೋ ಹೇಳಿದರು. ಮಗುವಿನ ಎದೆಬಡಿತ ಇಳಿಯುತ್ತಿದೆಯಂತೆ. ಅವರು ಇಲ್ಲದ ಕಡೆ ಹುಡುಕುತ್ತಿದ್ದಾರೆ ಅಂತ ನನಗೆ ಗೊತ್ತಿತ್ತು.

ಎದ್ದೆ. ಬಾಗಿಲಲ್ಲಿದ್ದ ನರ್ಸಿನ ಹತ್ತಿರ ಹೋದೆ. ಬೆಳಗಿಂದ ಆಡದ ಗಂಟಲು, ಮೊದಲು ಸ್ವರವೇ ಹೊರಡಲಿಲ್ಲ. ಉತ್ತರಾಣಿ ಬೇರು ಕುಡಿದಿದ್ದಾಳೆ ಅಂದೆ. ಆಕೆಗೆ ಅರ್ಥವಾಗಲಿಲ್ಲ. ತಮಿಳಿನಲ್ಲಿ ಅದಕ್ಕೆ ನಾಯುರುವಿ ಅನ್ನುತ್ತಾರೆ. ಆ ಹೆಸರು ನೆನಪಾಗಲು ಇನ್ನೂ ಒಂದಿಷ್ಟು ಹೊತ್ತು ಹಿಡಿಯಿತು.

"ನಾಯುರುವಿ ಬೇರಮ್ಮಾ. ನಾನೇ ತಂದ್ಕೊಟ್ಟೆ."

ಎಷ್ಟು ಗಂಟೆಗೆ ಅಂದಳು. ಎಂಟೂವರೆಗೆ ಮುಂಚೆ ಅಂದೆ. ಅವಳು ಗೋಡೆಯ ಗಡಿಯಾರ ನೋಡಿ ಒಳಗೆ ಓಡಿದಳು. ನಾನೂ ನೋಡಿದೆ, ಹನ್ನೆರಡೂ ಮುಕ್ಕಾಲು.

ಒಂದು ಗಂಟೆಗೆ ಆಪರೇಷನ್ನಿಗೆ ತಗೊಂಡರು. ಹೆಣ್ಣು ಮಗು. ಹಸಿರು ಬಟ್ಟೆಯಲ್ಲಿ ಸುತ್ತಿ ನಮ್ಮ ಮುಂದೆಯೇ ಎತ್ತಿಕೊಂಡು ಓಡಿದರು. ಅದು ಅಳಲಿಲ್ಲ. ಅಳುವುದನ್ನು ಕೇಳಲು ನಾನು ಬಾಗಿಲಿಗೆ ಕಿವಿಕೊಟ್ಟು ತುಂಬಾ ಹೊತ್ತು ನಿಂತಿದ್ದೆ.

ಸಾಯಂಕಾಲ ಡಾಕ್ಟರಮ್ಮ ಹೊರಗೆ ಬಂದು ಗಂಡಸರಿಗೆ ವಿವರಿಸಿದಳು. ಸಹನಾ ಉಳಿದುಕೊಂಡಿದ್ದಾಳೆ. ಗರ್ಭ ಬಿಡುವಿಲ್ಲದೆ ಹಿಂಡಿದಾಗ ಮಗುವಿಗೆ ಉಸಿರು ಸಿಗುವುದಿಲ್ಲ. ಬೇರಿನಿಂದಲೇ ಹೀಗಾಯಿತು ಅಂತ ನಾನು ಖಂಡಿತ ಹೇಳಲಾರೆ, ತಾರೀಖು ಮೀರಿದ ಮಕ್ಕಳಿಗೆ ಬೇರೆ ತೊಂದರೆಗಳೂ ಇರುತ್ತವೆ ಅಂದಳು. ಆದರೆ ಬಂದ ಗಳಿಗೆಯಲ್ಲೇ ಹೇಳಿದ್ದರೆ ಸ್ಕ್ಯಾನಿಗೆ ಕಾಯದೆ ನೋವು ಸಡಿಲ ಮಾಡುವ ಇಂಜೆಕ್ಷನ್ ಕೊಡುತ್ತಿದ್ದೆ ಅಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಲಕ್ಷ್ಮೀದೇವಮ್ಮ ಬೆಂಚಿನ ತುದಿಯಲ್ಲಿ ಕೂತು ಯಾರಿಗೂ ಅಲ್ಲದ ಹಾಗೆ ಮಾತಾಡುತ್ತಿದ್ದಳು. ನಮ್ಮೂರಲ್ಲಿ ಅರೆದೇ ಕುಡಿಸೋದು, ನನ್ನ ನಾಲ್ಕು ಮಕ್ಕಳಿಗೂ ನಾನು ಕುಡಿದಿದ್ದೀನಿ, ರವಿಗೂ ಕುಡಿದಿದ್ದೀನಿ. ಅವಳು ಸುಳ್ಳು ಹೇಳುವವಳಲ್ಲ. ರವಿಕುಮಾರ್ ಎದ್ದು ಹೊರಗೆ ಹೋಗಿ ಬೈಕಿನ ಪಕ್ಕ ನಿಂತ.

ಮಗು ಗಾಜಿನ ಪೆಟ್ಟಿಗೆಯಲ್ಲಿ ನಾಲ್ಕು ದಿನ ಇತ್ತು. ಸೋಮವಾರ ಸಹನಾಳನ್ನು ಗಾಲಿಕುರ್ಚಿಯಲ್ಲಿ ಅದರ ಹತ್ತಿರ ಕರೆದುಕೊಂಡು ಹೋದರು. ಪೆಟ್ಟಿಗೆಯ ತೂತಿನಲ್ಲಿ ಬೆರಳು ಹಾಕಿದಳಂತೆ, ಮಗು ಹಿಡಿಯಲಿಲ್ಲವಂತೆ. ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಹೋಯಿತು. ನಮ್ಮ ಹೊಲದ ಬದುವಿನಲ್ಲಿ ತಿಮ್ಮರಾಜು ಗುಣಿ ತೆಗೆದ. ನಾನು ತೆಗೆಯುತ್ತೇನೆ ಅಂದೆ, ಅವನು ಗುದ್ದಲಿ ಕೊಡಲಿಲ್ಲ.

ಶನಿವಾರ ಸಹನಾಳನ್ನು ಮನೆಗೆ ಕರೆತಂದೆವು. ಅದೇ ದಿನ ಲಕ್ಷ್ಮೀದೇವಮ್ಮ ಊರಿಗೆ ಹೊರಟುಹೋದಳು. ಸಹನಾಗೆ ಎದೆಹಾಲು ಕಟ್ಟಿಕೊಂಡು ಜ್ವರ ಬಂತು. ಚಂದ್ರಲೇಖಾ ಬಂದು ಮಾತ್ರೆ ಕೊಟ್ಟಳು. ಮಲ್ಲಿಗೆ ಹೂವು ಎದೆಗೆ ಕಟ್ಟಿದರೆ ಹಾಲು ಬತ್ತುತ್ತದೆ ಅಂತಾರೆ, ಕಟ್ಟಬಹುದಾ ಅಂತ ಭಾನು ಅವಳನ್ನು ಕೇಳಿದಳು. ಈ ಸಲ ಕೇಳಿಯೇ ಮಾಡಲು ಹೊರಟಿದ್ದಳು. ಕಟ್ಟಿ ಅಕ್ಕಾ, ತೊಂದರೆ ಇಲ್ಲ ಅಂದಳು ಚಂದ್ರಲೇಖಾ. ಭಾನು ಹೂವಿನ ಮಾಲೆ ಹಿಡಿದು ಒಳಗೆ ಹೋದಳು. ಸಹನಾ ಮುಖ ತಿರುಗಿಸಿದಳು.

"ನಂಗಿನ್ನೇನೂ ಕಟ್ಬ್ಯಾಡಮ್ಮ."

ಹೂವು ತಟ್ಟೆಯಲ್ಲೇ ಕೆಂಪಗಾಯಿತು.

ಮೂರು ತಿಂಗಳ ಬಾಣಂತನಕ್ಕೆ ಅಂತ ಬಂದವಳು. ಮಗುವಿಲ್ಲದ ಮೇಲೆ ಇಲ್ಲಿ ಇರಲಾರೆ, ಹೊಸೂರಿಗೇ ಹೋಗುತ್ತೇನೆ ಅಂತ ಗಂಡನಿಗೆ ಫೋನು ಮಾಡಿದಳು. ಹೊರಡುವ ಹಿಂದಿನ ದಿನ ಬಿಸಿಲಿಗೆ ಅಂತ ಜಗಲಿಗೆ ಬಂದು ನನ್ನ ಪಕ್ಕ ಕೂತಳು. ಹೊಲಿಗೆ ಎಳೆಯುತ್ತಿತ್ತು, ಕೂರಲು ಕಷ್ಟಪಟ್ಟಳು. ಹಿಡಿದುಕೊಳ್ಳಲು ಕೈ ಚಾಚಿದೆ. ಹಿಡಿಯದೆ ಕಂಬ ಹಿಡಿದಳು.

"ತಾತ, ಕುಡೀಬಾರ್ದು ಅಂತ ನಿಂಗೊತ್ತಿತ್ತಾ?"

"ಗೊತ್ತಿತ್ತು ಮಗ."

"ನಾನು ಲೋಟ ಕೆಳಗಿಟ್ಟಾಗ ನೀನು ಬಾಗ್ಲಲ್ಲಿದ್ದೆ."

ಇದ್ದೆ ಅಂದೆ. ಬೇರಿನ ಕಟ್ಟು ಏನು, ನಾನು ಯಾಕೆ ಬಾಯಿ ಬಿಡಲಿಲ್ಲ ಅನ್ನುವುದನ್ನು ಮೊದಲಿಂದ ಹೇಳಿದೆ. ಅವಳು ನಡುವೆ ತಡೆಯದೆ ಪೂರ್ತಿ ಕೇಳಿಸಿಕೊಂಡಳು. ಯಾರು ಮಾಡಿದ್ದು ಈ ಶಾಸ್ತ್ರ ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂದೆ. ನನ್ನ ತಪ್ಪಾಯಿತು ಅಂತಲೂ ಅಂದೆ. ಬಿಸಿಲು ಜಗಲಿ ಬಿಟ್ಟು ಅಂಗಳಕ್ಕೆ ಇಳಿದಾಗ ಅವಳು ಕಂಬ ಹಿಡಿದು ಎದ್ದು ಒಳಗೆ ಹೋದಳು.

ಮಾರನೆಯ ದಿನ ರವಿಕುಮಾರ್ ಒಂದು ಆಟೋ ಮಾಡಿಕೊಂಡು ಬಂದ. ಬ್ಯಾಗು ಒಂದೇ ಇತ್ತು. ತಾಯಿಯನ್ನು ತಬ್ಬಿಕೊಂಡಳು, ಅಪ್ಪನ ಕಾಲಿಗೆ ಬಾಗಲು ಹೋದಾಗ ಅವನು ಬೇಡ ಅಂತ ತಡೆದ. ನನ್ನ ಕಡೆ ಒಮ್ಮೆ ನೋಡಿ ಹತ್ತಿ ಕೂತಳು. ಹೊರಟದ್ದು ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.