ಬ್ರೆಡ್ ವ್ಯಾನಿನಲ್ಲಿ ಎರಡು ಹಾಸಿಗೆ

ಬೇಕರಿಯವರು ವರ್ಷಗಟ್ಟಲೆ ಬ್ರೆಡ್ಡು ಸಾಗಿಸಿ, ಇನ್ನು ಸಾಕು ಎಂದು ಮೂಲೆಗೆ ತಳ್ಳಿದ್ದ ವ್ಯಾನನ್ನು ತಂಗಿ ಮನೆಗೆ ತಂದಳು. ಅಕ್ಕ ಅದನ್ನು ನೋಡಿದ್ದು ಮೂರನೇ ಮಹಡಿಯ ಅಡುಗೆಮನೆಯ ಕಿಟಕಿಯಿಂದ. ಕಟ್ಟಡದ ಹಿಂದಿನ ಅಂಗಳದಲ್ಲಿ, ನೀರಿನ ಟ್ಯಾಂಕಿನ ಪಕ್ಕ, ವ್ಯಾನು ಒಂದೆರಡು ಸಲ ಕೆಮ್ಮಿ ನಿಂತಿತು. ತಂಗಿ ಕೆಳಗಿಳಿದು ತಲೆಯೆತ್ತಿ ಕೈ ಬೀಸಿದಳು. ಅಕ್ಕ ಕಿಟಕಿಯ ಸರಳು ಹಿಡಿದುಕೊಂಡು, "ಮೇಲ್ಗಡೆ ಪೂರ್ತಿ ತುಕ್ಕು ಹಿಡಿದಿದೆ ಕಣೇ ಪುಟ್ಟಿ! ಇಲ್ಲಿಂದಾನೇ ಕಾಣ್ತಿದೆ!" ಎಂದು ಕೂಗಿದಳು.

ತಂಗಿಗೆ ಅಷ್ಟೇ ಸಾಕಾಯಿತು. ಹೊರಗಿನ ಯಾವುದೋ ಒಂದು ವಸ್ತುವಿನ ಬಗ್ಗೆ ಅಕ್ಕ ಅಷ್ಟು ಗಟ್ಟಿಯಾಗಿ ಮಾತಾಡಿ ಎಷ್ಟೋ ಕಾಲವಾಗಿತ್ತು.

ಅಕ್ಕ ಮೊದಲಿನಿಂದ ಹೀಗಿದ್ದವಳಲ್ಲ. ಕಟ್ಟಡಗಳ ನಕ್ಷೆ ತಯಾರಿಸುವ ಕಚೇರಿಯಲ್ಲಿ ಅವಳಿಗೆ ಕೆಲಸ. ಸೈಟಿಗೆ ಹೋಗಿ ಮೇಸ್ತ್ರಿಗಳ ಜೊತೆ ಜಗಳವಾಡಿ, ಸೀರೆಯ ತುಂಬ ಸಿಮೆಂಟು ಮೆತ್ತಿಕೊಂಡು ಬರುತ್ತಿದ್ದಳು. ಒಂದು ಬೆಳಿಗ್ಗೆ ಬಸ್ಸಿನಲ್ಲಿ ನಿಂತಿದ್ದಾಗ ಎದೆ ಡವಡವ ಹೊಡೆದುಕೊಂಡು, ಕೈಕಾಲು ತಣ್ಣಗಾಗಿ, ಇನ್ನೇನು ಪ್ರಾಣ ಹೋಯಿತು ಅನ್ನಿಸಿತು. ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಮಾಡಿ ಏನೂ ಇಲ್ಲ ಎಂದರು. ಸ್ವಲ್ಪ ದಿನಕ್ಕೆ ಮತ್ತೆ ಹಾಗೇ ಆಯಿತು. ಅಕ್ಕ ಮೊದಲು ಬಸ್ಸು ಬಿಟ್ಟಳು. ಆಮೇಲೆ ಅಂಗಡಿ, ಆಮೇಲೆ ಬೀದಿ, ಕೊನೆಗೆ ಮೆಟ್ಟಿಲು. ಕಚೇರಿಯವರು ಒಳ್ಳೆಯವರು, ಮನೆಯಿಂದಲೇ ನಕ್ಷೆ ಮಾಡಿಕೊಡಲು ಒಪ್ಪಿದರು. ಫೋನಿನಲ್ಲಿ ಮಾತಾಡುವ ವೈದ್ಯೆಯೊಬ್ಬರು ಮಾತ್ರೆ ಬರೆದುಕೊಟ್ಟರು. ಮಾತ್ರೆಯಿಂದ ನಿದ್ದೆ ಬಂತು, ಹೊಸ್ತಿಲು ದಾಟುವ ಧೈರ್ಯ ಬರಲಿಲ್ಲ.

ತಂಗಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಕೈ ಎಷ್ಟು ಹಗುರ ಎಂದರೆ, ಸೂಜಿ ಕಂಡರೆ ಓಡುವ ಮಕ್ಕಳೂ ಅವಳ ಮುಂದೆ ತೋಳು ಚಾಚುತ್ತಿದ್ದವು. ಕೆಲಸ ಮುಗಿದರೆ ಅಂಗಡಿ, ಅಂಗಡಿ ಮುಗಿದರೆ ಮನೆ. ಜೊತೆಯವರು ಪ್ರವಾಸಕ್ಕೆ ಕರೆದರೆ "ಮನೇಲಿ ಅಕ್ಕ ಇದ್ದಾಳೆ" ಎನ್ನುವಳು. ಎಕ್ಸ್‌ರೇ ವಿಭಾಗದವನೊಬ್ಬ ಮದುವೆಯ ಮಾತೆತ್ತಿದ್ದ. ಅವನಿಗೆ ಬೇರೆ ಊರಿಗೆ ವರ್ಗವಾಯಿತು, ಬರುತ್ತೀಯಾ ಎಂದು ಕೇಳಿದ. ಅವನಿಗೂ ಅದೇ ಉತ್ತರ ಸಿಕ್ಕಿತು. ಕೆಲವು ಸಲ ತಂಗಿ ಬಸ್‌ಸ್ಟಾಪಿನಲ್ಲಿ ಕೂತು, ಬಂದ ಬಸ್ಸನ್ನು ಸುಮ್ಮನೆ ಬಿಟ್ಟು ಮುಂದಿನದಕ್ಕೆ ಕಾಯುತ್ತಿದ್ದಳು. ಅಷ್ಟು ಹೊತ್ತು ಅವಳು ಲ್ಯಾಬಿನಲ್ಲೂ ಇರುತ್ತಿರಲಿಲ್ಲ, ಮನೆಯಲ್ಲೂ ಇರುತ್ತಿರಲಿಲ್ಲ.

ಬೇಕರಿಯ ಹಿಂದೆ ಆ ವ್ಯಾನು ಕಣ್ಣಿಗೆ ಬಿದ್ದಾಗ ಅವಳಿಗೆ ಹೊಳೆದದ್ದು ಇಷ್ಟೇ: ಅಕ್ಕ ಮನೆ ಬಿಟ್ಟು ಹೊರಡುವುದಿಲ್ಲ ಎಂದರೆ ಮನೆಯೇ ಹೊರಡಲಿ. ಒಳಗೆ ಹಾಸಿಗೆ, ಒಲೆ, ಪರದೆ ಎಲ್ಲ ಇದ್ದು, ನಾಲ್ಕೂ ಕಡೆ ಗೋಡೆ ಇದ್ದರೆ ಅಕ್ಕನಿಗೆ ಯಾಕೆ ಭಯವಾಗಬೇಕು?

ಅಕ್ಕ ಈ ಯೋಚನೆಯಲ್ಲಿ ಮೈಮರೆತಳು. ತಂಗಿ ಟೇಪು ಹಿಡಿದು ಅಳೆದು ತಂದ ಅಳತೆಗಳಿಂದ ಹಾಲಿನ ನೆಲದ ಮೇಲೆ ಬಣ್ಣದ ಪಟ್ಟಿ ಅಂಟಿಸಿ, ವ್ಯಾನಿನ ಒಳಮೈಯನ್ನು ಅದೇ ಅಳತೆಗೆ ಬಿಡಿಸಿದಳು. ರಟ್ಟಿನ ಪೆಟ್ಟಿಗೆ ಕತ್ತರಿಸಿ ಒಲೆಕಟ್ಟೆ ಮಾಡಿದಳು. ಪಟ್ಟಿಯ ಒಳಗೆ ಎರಡು ಚಾಪೆ ಹಾಸಿ, "ಮಲಕ್ಕೋ ನೋಡೋಣ, ನಿನ್ನ ಕಾಲು ನನ್ನ ಮೂಗಿಗೆ ತಾಗುತ್ತಾ ಅಂತ" ಎಂದಳು. ಕಾಲು ತಾಗಿತು. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಅಂತರ್ಜಾಲದಲ್ಲಿ ಇಂಥ ಗಾಡಿ ಮಾಡಿಕೊಂಡವರ ವಿಡಿಯೊಗಳನ್ನು ಅಕ್ಕ ಒಂದೂ ಬಿಡದೆ ನೋಡಿದಳು. ಬಿಸಿಲಿನ ಕಾವು ತಡೆಯಲು ಗೋಡೆಗೆ ಉಣ್ಣೆ ತುಂಬಬೇಕೋ ಥರ್ಮೋಕೋಲೋ, ಉಸಿರಿನ ತೇವ ತಗಡಿಗೆ ಕೂತು ಒಳಗಿನಿಂದ ತುಕ್ಕು ಹಿಡಿಯದಂತೆ ಏನು ಮಾಡಬೇಕು, ನೀರಿನ ಟ್ಯಾಂಕು ಯಾವ ಚಕ್ರದ ಮೇಲೆ ಬಂದರೆ ಗಾಡಿ ವಾಲುವುದಿಲ್ಲ, ಎಲ್ಲ ಅವಳ ಬಾಯಲ್ಲೇ ಇತ್ತು. ಎಂಜಿನ್ನು, ತಗಡಿನ ಕೆಲಸ ಎರಡನ್ನೂ ನೋಡುತ್ತಿದ್ದ ಟಿಂಕರ್ ಕೆಳಗಿನಿಂದ ಫೋನಿನಲ್ಲಿ ಅವಳ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಕೊಟ್ಟು ಸುಸ್ತಾಗಿ, "ನಿಮ್ಮಕ್ಕ ಕೆಳಗಿಳಿದು ಬಂದ್ರೆ ನಾನು ಗ್ಯಾರೇಜಿಗೆ ಬೀಗ ಹಾಕೋದೇ ಸರಿ" ಎಂದು ತಂಗಿಯ ಹತ್ತಿರ ಹೇಳಿದ.

ಆದರೆ ಅಕ್ಕ ಇಳಿಯಲಿಲ್ಲ. "ಒಂದ್ಸಲ ಬಂದು ನೋಡು" ಎಂದರೆ, "ನೆಲ ಆಗ್ಲಿ, ಆಮೇಲೆ" ಎನ್ನುವಳು. ನೆಲಕ್ಕೆ ಹಲಗೆ ತರಬೇಕೆನ್ನುವಷ್ಟರಲ್ಲಿ, ಹಲಗೆಗಿಂತ ಮೊದಲು ಚಾಲಕನ ಸೀಟಿನ ಹಿಂದಿನ ತಗಡಿನ ಗೋಡೆ ಕತ್ತರಿಸಬೇಕೋ ಬೇಡವೋ ಎಂಬ ಮಾತು ಏಳುತ್ತಿತ್ತು. ಅದು ತೀರ್ಮಾನವಾಗಲು ಒಂದು ಮಳೆಗಾಲ ಹೋಯಿತು. ಬೇಡ ಎಂದು ಒಪ್ಪಿಕೊಂಡ ಮಾರನೆಯ ದಿನವೇ ಅಕ್ಕ ಹೊಸ ವಿಡಿಯೊ ನೋಡಿ, ಹಾಸಿಗೆಯನ್ನು ಅಡ್ಡ ಹಾಕಬೇಕೆಂದು ಎಲ್ಲವನ್ನೂ ತಿರುಗಿಸಿದಳು. ನೆಲದ ಪಟ್ಟಿಯನ್ನು ಕಿತ್ತು ಅಂಟಿಸಿ, ಕಿತ್ತು ಅಂಟಿಸಿ ಹಾಲಿನ ತುಂಬ ಗೋಂದಿನ ಕಲೆಯಾಯಿತು. ವ್ಯಾನು ಮಾತ್ರ ಬಂದ ದಿನ ಹೇಗಿತ್ತೋ ಹಾಗೆಯೇ ನಿಂತಿತ್ತು. ತಂಗಿ ಕೆಲಸದಿಂದ ಬಂದು ಆ ಪಟ್ಟಿಗಳನ್ನು ದಾಟಿ ತನ್ನ ಕೋಣೆಗೆ ಹೋಗಬೇಕಿತ್ತು. ಮನೆಯೊಳಗೆ ಇನ್ನೂ ಚಿಕ್ಕದೊಂದು ಮನೆ ಹುಟ್ಟಿಕೊಂಡು ತನ್ನನ್ನು ಅದರೊಳಗೆ ಕೂಡಿಹಾಕಿದಂತೆ ಅವಳಿಗೆ ಅನ್ನಿಸತೊಡಗಿತು.

ಒಂದು ರಜೆಯ ಮಧ್ಯಾಹ್ನ ಅವಳಿಗೆ ತಾಳ್ಮೆ ತಪ್ಪಿತು. ಪ್ಲಾನು ಏನಾದರೂ ಆಗಲಿ, ತುಕ್ಕನ್ನಂತೂ ಕೆರೆಯಲೇಬೇಕಲ್ಲ ಎಂದು ಉಜ್ಜುವ ತಂತಿಬ್ರಷ್ಷು, ಕೆರೆಯುವ ಕಬ್ಬಿಣದ ಪಟ್ಟಿ ತೆಗೆದುಕೊಂಡು ಕೆಳಗಿಳಿದಳು. ಹಿಂಬಾಗಿಲು ತೆರೆದಿಟ್ಟು, ಒಳಗೆ ಮಂಡಿಯೂರಿ ಕೆರೆಯುತ್ತಿದ್ದಳು. ಗಾಳಿ ಬೀಸಿತೋ, ಗಾಡಿ ವಾಲಿ ನಿಂತಿತ್ತೋ, ಬಾಗಿಲು ಧಡಾರನೆ ಬಡಿದುಕೊಂಡಿತು. ಟಕ್ ಎಂದು ಚಿಲಕ ಕೂತ ಸದ್ದು ಕೇಳಿತು.

ಬ್ರೆಡ್ಡಿನ ಟ್ರೇಗಳಿಗೆ ಹೊರಗೆ ಬರುವ ಅಗತ್ಯವೇನು? ಒಳಗಡೆ ಹಿಡಿಯೇ ಇರಲಿಲ್ಲ. ಪಕ್ಕದ ಜಾರುಬಾಗಿಲು ತುಕ್ಕು ಹಿಡಿದು ಕಂಬಿಗೆ ಕಚ್ಚಿಕೊಂಡು ಎಷ್ಟೋ ಕಾಲವಾಗಿತ್ತು. ಮುಂದೆ ತಾವೇ ಮಳೆಗಾಲವಿಡೀ ಚರ್ಚಿಸಿ ಉಳಿಸಿಕೊಂಡ ತಗಡಿನ ಗೋಡೆ. ಕಿಟಕಿ ಎಂಬುದೇ ಇಲ್ಲ. ಬಾಗಿಲಿನ ಸಂದಿಯಿಂದ ದಾರದಂಥ ಒಂದು ಗೆರೆ ಬೆಳಕು ಮಾತ್ರ ಬರುತ್ತಿತ್ತು. ತಗಡು ಬಿಸಿಲಿಗೆ ಕಾದು ಹಳೆಯ ಬ್ರೆಡ್ಡಿನ ವಾಸನೆ ಏಳುತ್ತಿತ್ತು.

ತಂಗಿ ಬಡಿದಳು, ಕೂಗಿದಳು. ರಜಾದಿನ, ಹಿಂದಿನ ಅಂಗಳ, ಕೇಳುವವರು ಯಾರೂ ಇರಲಿಲ್ಲ. ಟಿಂಕರನ ಫೋನು ಸ್ವಿಚ್ ಆಫ್ ಆಗಿತ್ತು. ಅವಳು ಅಕ್ಕನಿಗೆ ಫೋನು ಮಾಡಿದಳು.

"ಅಕ್ಕ, ವ್ಯಾನೊಳಗೆ ಸಿಕ್ಕಿಹಾಕ್ಕೊಂಡಿದ್ದೀನಿ. ಹಿಂಬಾಗಿಲು ಹಾಕ್ಕೊಂಡ್ಬಿಡ್ತು."

"ಅಯ್ಯೋ! ಹೊರಗೆ ಯಾರೂ ಇಲ್ವಾ?"

"ಯಾರೂ ಇಲ್ಲ. ಹೊರಗಿನಿಂದ ಹಿಡಿ ಎತ್ತಿದ್ರೆ ಸಾಕು. ಬಾ ಅಕ್ಕ."

ಆ ಕಡೆ ಕುರ್ಚಿ ಸರಿದ ಸದ್ದಾಯಿತು.

"ಎದುರು ಮನೆಯವರನ್ನ ಕೂಗ್ತೀನಿ ಇರು" ಎಂದಳು ಅಕ್ಕ. ಬಾಗಿಲು ತೆರೆದ ಸದ್ದು, ಕರೆಗಂಟೆಯ ಸದ್ದು, ಮತ್ತೆ ಕರೆಗಂಟೆ. "ಅವರಿಲ್ಲ ಕಣೇ."

"ಗೊತ್ತು. ನೀನೇ ಬಾ. ಇಲ್ಲಿ ಬೆಂದುಹೋಗ್ತಿದ್ದೀನಿ. ಬಾರೇ!"

ಅಷ್ಟು ವರ್ಷಗಳಲ್ಲಿ ಅವಳು ಅಕ್ಕನನ್ನು ಹೀಗೆ ಕರೆದಿರಲಿಲ್ಲ. ಬಾ ಎಂದು ಬೇಡಿರಲಿಲ್ಲ, ಬೈದಿರಲಿಲ್ಲ. ಈಗ ಬೇಡಿದಳು, ಬೈದಳು, ಅತ್ತಳು. "ನಿನಗೋಸ್ಕರ ತಂದ ಗಾಡಿ ಇದು. ನಿನಗೋಸ್ಕರಾನೇ ಇದರೊಳಗೆ ಸಾಯ್ತೀನಿ ಬಿಡು" ಎಂದೂ ಅಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಬಹಳ ಹೊತ್ತಾದ ಮೇಲೆ ಅಕ್ಕನ ದನಿ ಬಂತು. ಮಾತು ಒಂದೊಂದೇ ಬಿಡಿಬಿಡಿಯಾಗಿ ಬಂತು.

"ಪುಟ್ಟಿ, ಕೇಳು. ಬಾಗಿಲಿನ ಒಳಮೈಗೆ ಪ್ಲೈವುಡ್ ಹೊಡೆದಿದೆ ಅಲ್ವಾ? ಅದನ್ನ ಕೀಳು."

"ಸ್ಕ್ರೂ ಇದೆ. ಸ್ಕ್ರೂಡ್ರೈವರ್ ಇಲ್ಲ."

"ಕೆರೆಯೋ ಪಟ್ಟಿ ಇದೆ ತಾನೇ? ಕೆಳಗಡೆ ಮೂಲೇಲಿ ತೇವ ಕೂತು ಪ್ಲೈವುಡ್ ಕೊಳೆತಿರುತ್ತೆ. ಅಲ್ಲಿಂದ ಮೀಟು. ಒಡೆದ್ರೂ ಪರವಾಗಿಲ್ಲ, ಹೇಗೂ ಹೊಸದು ಹಾಕ್ಬೇಕು."

ತಂಗಿ ಮೀಟಿದಳು. ಮೂಲೆ ಬಿಸ್ಕತ್ತಿನ ಹಾಗೆ ಪುಡಿಯಾಯಿತು. ಕೈ ತೂರಿಸಿ ಎಳೆದಾಗ ಅರ್ಧ ಹಲಗೆ ಕಿತ್ತು ಬಂತು, ಅಂಗೈಗೆ ಸಿಬಿರು ಚುಚ್ಚಿ ರಕ್ತ ಬಂತು.

"ಒಳಗೆ ಉದ್ದಕ್ಕೆ ಒಂದು ಸರಳಿರುತ್ತೆ, ಪೆನ್ಸಿಲ್ ದಪ್ಪದ್ದು. ಹಿಡಿಯಿಂದ ಚಿಲಕಕ್ಕೆ ಹೋಗಿರುತ್ತೆ. ಸಿಕ್ತಾ?"

"ಸಿಕ್ತು."

"ಅದನ್ನ ಕೆಳಗೆ ಎಳಿ. ಜೊತೆಗೆ ಭುಜದಿಂದ ಬಾಗಿಲು ನೂಕು."

ಸರಳು ಅಲುಗಲಿಲ್ಲ. "ಅವಸರ ಬೇಡ, ಇನ್ನೊಂದ್ಸಲ" ಎಂದಳು ಅಕ್ಕ. "ನಾನಿದ್ದೀನಿ. ಇಲ್ಲೇ ಇದ್ದೀನಿ." ತಂಗಿ ಹಲ್ಲು ಕಚ್ಚಿ ಇಡೀ ಮೈಭಾರ ಹಾಕಿ ಎಳೆದಳು. ಬಾಗಿಲು ಒಮ್ಮೆಗೇ ತೆರೆದುಕೊಂಡು ಅವಳು ಅಂಗಳದ ಮಣ್ಣಿಗೆ ಬಿದ್ದಳು.

ಎದ್ದು, ಕೈಯಿಂದ ರಕ್ತ ಸೋರುತ್ತಿದ್ದರೂ ನೋಡದೆ, ಅವಳು ನೇರ ಮೆಟ್ಟಿಲ ಕಡೆ ನಡೆದಳು. ಅಕ್ಕನಿಗೆ ಇವತ್ತು ಎರಡರಲ್ಲಿ ಒಂದು ಹೇಳಿಬಿಡಬೇಕು. ಹಾಲಿನ ಪಟ್ಟಿಗಳನ್ನೆಲ್ಲ ಕಿತ್ತೆಸೆಯಬೇಕು. ವ್ಯಾನು ಮಾರಬೇಕು. ಏನೇನು ಹೇಳಬೇಕೆಂದು ಬಾಯಲ್ಲೇ ಜೋಡಿಸಿಕೊಳ್ಳುತ್ತ ಮೊದಲ ಮಹಡಿ ದಾಟಿದಳು.

ಎರಡನೇ ಮಹಡಿಯ ತಿರುವಿನಲ್ಲಿ ಅಕ್ಕ ಕೂತಿದ್ದಳು. ಬರಿಗಾಲು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಕಟಾಂಜನದ ಕಂಬಿಗೆ ಬಿಗಿದುಕೊಂಡಿತ್ತು. ಮುಖ ಸುಣ್ಣದ ಗೋಡೆಯ ಬಣ್ಣಕ್ಕೆ ತಿರುಗಿತ್ತು. ಬೆವರಿಗೆ ರವಿಕೆ ಬೆನ್ನಿಗೆ ಅಂಟಿತ್ತು.

"ಇಲ್ಲೀವರೆಗೇ ಆಯ್ತು ಕಣೇ" ಎಂದಳು. "ಮುಂದಕ್ಕೆ ಕಾಲೇ ಏಳಲಿಲ್ಲ."

ತಂಗಿ ಜೋಡಿಸಿಕೊಂಡು ಬಂದಿದ್ದ ಮಾತುಗಳು ಎಲ್ಲಿ ಹೋದವೋ. ಅವಳು ಪಕ್ಕದಲ್ಲಿ ಕುಸಿದು ಕೂತು, ಕಂಬಿಯ ಮೇಲಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಲ್ಯಾಬಿನಲ್ಲಿ ಮಕ್ಕಳ ಮುಷ್ಟಿ ಬಿಡಿಸಿ ಅಭ್ಯಾಸವಿತ್ತು. ಹಾಗೆ ಬಿಡಿಸುತ್ತಿದ್ದಂತೆ ಅಕ್ಕ ಅವಳ ಅಂಗೈ ನೋಡಿ, "ರಕ್ತ! ಟಿಟಿ ಇಂಜೆಕ್ಷನ್ ತಗೋಬೇಕು, ತುಕ್ಕು ಅದು" ಎಂದು ಬೈಯತೊಡಗಿದಳು. ಮೇಲೆ ಹತ್ತಿ ಮನೆ ಸೇರಲು ಇಳಿದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಆಮೇಲೆ ಕೆಲವು ದಿನ ಯಾರೂ ವ್ಯಾನಿನ ಸುದ್ದಿ ಎತ್ತಲಿಲ್ಲ. ಒಂದು ಸಂಜೆ ತಂಗಿ ಬಂದಾಗ ಹಾಲಿನ ನೆಲ ಖಾಲಿಯಾಗಿತ್ತು, ಪಟ್ಟಿಗಳಿರಲಿಲ್ಲ, ಗೋಂದಿನ ಕಲೆಗಳನ್ನೂ ಸೀಮೆಎಣ್ಣೆ ಹಾಕಿ ಒರೆಸಿ ತೆಗೆದಾಗಿತ್ತು. ಅಕ್ಕ ಹೊಸ ನಕ್ಷೆಯೊಂದನ್ನು ಮೇಜಿನ ಮೇಲೆ ಹರಡಿದಳು.

"ಹಾಸಿಗೆ ಒಂದೇ ಇದೆ" ಎಂದಳು ತಂಗಿ.

"ಹೌದು. ಒಲೆಕಟ್ಟೆ ಸ್ವಲ್ಪ ದೊಡ್ಡದು ಮಾಡಿದ್ದೀನಿ. ನಿಂಗೆ ಪಾತ್ರೆ ಹರಡ್ಕೊಂಡು ಅಡುಗೆ ಮಾಡೋ ಚಾಳಿ."

"ಅಕ್ಕ."

"ನಾನು ಬರಲ್ಲ ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ಗೊತ್ತಿಲ್ಲದೇ ಇರೋನು ಆ ಟಿಂಕರ್ ಒಬ್ಬನೇ." ಅಕ್ಕ ನಗಲು ನೋಡಿದಳು, ಆಗಲಿಲ್ಲ. "ಪ್ಲಾನು ಮುಗಿದ್ರೆ ನಾನು ಇಳೀಬೇಕಾಗಿತ್ತಲ್ಲ. ಅದಕ್ಕೇ ಮುಗಿಸ್ತಿರಲಿಲ್ಲ. ನಿನ್ನನ್ನೂ ಕಟ್ಟಿಹಾಕ್ಕೊಂಡು ಕೂತಿದ್ದೆ."

ತಂಗಿಯ ಎದೆಯ ಮೇಲಿಂದ ದೊಡ್ಡ ಕಲ್ಲೊಂದು ಇಳಿಯಿತು. ಇಳಿದದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ಪಾತ್ರೆ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು ಅತ್ತಳು. ಅಕ್ಕ ಹೊರಗಿನಿಂದ, "ನೀರು ಸುಮ್ನೆ ಹರೀತಿದೆ ಕಣೇ" ಎಂದಳು.

ಅಲ್ಲಿಂದ ಮುಂದೆ ಕೆಲಸ ಚುರುಕಾಗಿ ಸಾಗಿತು. ಅಕ್ಕ ಹಟ ಹಿಡಿದು ಮೊದಲು ಮಾಡಿಸಿದ್ದು ಹಿಂಬಾಗಿಲ ಒಳಗೆ ಒಂದು ಹಿಡಿ. ಪಕ್ಕದ ಬಾಗಿಲು ಎಣ್ಣೆ, ಸುತ್ತಿಗೆ ಎರಡರ ರುಚಿಯೂ ಕಂಡ ಮೇಲೆ ಜಾರಿತು. ಟಿಂಕರ್ ಗೋಡೆ ಕೊರೆದು ಕಿಟಕಿ ಕೂರಿಸಿದ. ಸೀಟಿನ ಹಿಂದಿನ ತಗಡನ್ನು ಯಾವ ಚರ್ಚೆಯೂ ಇಲ್ಲದೆ ಕತ್ತರಿಸಿದರು. ಅಕ್ಕ ಕೆಲವು ಸಂಜೆ ಮೆಟ್ಟಿಲ ತಿರುವಿನವರೆಗೆ ಇಳಿದು ಕೂರುತ್ತಿದ್ದಳು, ಕೆಲವು ಸಂಜೆ ಹೊಸ್ತಿಲಿಗೂ ಬರುತ್ತಿರಲಿಲ್ಲ.

ಕೊನೆಗೆ ತಂಗಿ ರಜೆ ಹಾಕಿದಳು. ಎದುರು ಮನೆಯವರಿಗೆ ಹೇಳಿ, ಫ್ರಿಜ್ಜು ತುಂಬಿಸಿ, ಒಂದು ಬೆಳಿಗ್ಗೆ ವ್ಯಾನು ಹೊರಡಿಸಿದಳು. ಹೋಗುವುದು ದೂರದ ಒಂದು ಕೆರೆಗೆ, ರಜೆ ಮುಗಿಯುವಷ್ಟರಲ್ಲಿ ವಾಪಸ್ಸು. ಊರು ದಾಟುವ ಮೊದಲೇ ಫೋನು ಬಂತು. ಅವಳು ಗಾಡಿ ಪಕ್ಕಕ್ಕೆ ನಿಲ್ಲಿಸಿದಳು.

"ಗಡಗಡ ಅಂತಿದ್ಯಾ?"

"ಅಡುಗೆ ಡಬ್ಬಿಗಳು ಅಷ್ಟೇ."

"ಏನು ಕಾಣ್ತಿದೆ?"

"ಪೆಟ್ರೋಲ್ ಬಂಕು. ಟೈರಿನ ಅಂಗಡಿ. ಒಂದು ಹೆಂಗಸು ಸ್ಕೂಟರಿಗೆ ಗಾಳಿ ತುಂಬಿಸ್ತಿದ್ದಾಳೆ."

"ಅದಾದ್ಮೇಲೆ?"

"ಅದಾದ್ಮೇಲೆ ರಸ್ತೆ ಅಕ್ಕ. ಬರೀ ರಸ್ತೆ."

"ಸರಿ, ಇಡ್ತೀನಿ. ಮತ್ತೆ ಮತ್ತೆ ಫೋನ್ ಮಾಡ್ಬೇಡ, ದಾರಿ ನೋಡ್ಕೊಂಡು ಓಡಿಸು" ಎಂದು ಅಕ್ಕ ತಾನೇ ಫೋನು ಇಟ್ಟಳು.

ಸಂಜೆ ತಲುಪಿದ ಮೇಲೆಯೇ ಮಾತಾಡಿದರಾಯಿತು ಎಂದುಕೊಂಡ ತಂಗಿ, ಕೆರೆ ಕಾಣುವ ಮೊದಲೇ ಎರಡು ಸಲ ಗಾಡಿ ನಿಲ್ಲಿಸಿ ಫೋನು ಮಾಡಿದಳು. ಎರಡು ಸಲವೂ ಅಕ್ಕ ಬೈದಳು.