ಕಣ್ಣಿರೋ ಬೋಗುಣಿ

ಎಂಬತ್ತಾರನೇ ಇಸವಿಯ ಆಷಾಢ, ಬೆಳಗಿನ ಏಳೂವರೆ. ಬ್ಯಾಡರಹಳ್ಳಿಯಿಂದ ಗಾಳಿಯಲ್ಲಿ ಸೈಕಲ್ ತುಳಿದು ರಾಜಾಜಿನಗರದ ಶೆಡ್ಡಿಗೆ ಬಂದರೆ, ನಮ್ಮ ಮಾಲೀಕ ವೆಂಕಟಸ್ವಾಮಿ ಉಕ್ಕಿನ ಟೋಪಿಯೊಂದನ್ನು ಮೇಜಿನ ಮೇಲಿಟ್ಟುಕೊಂಡು ನಿಂತಿದ್ದ. ಇಡೀ ಮುಖ ಮುಚ್ಚುವಂಥದ್ದು. ಕಣ್ಣಿಗೆ ಒಂದು ಸೀಳು, ಉಸಿರಿಗೆ ನಾಲ್ಕಾರು ತೂತು. ಯೂರೋಪಿನಲ್ಲಿ ಹಿಂದಿನ ಕಾಲದ ಸೈನಿಕರು ಹಾಕುತ್ತಿದ್ದುದಂತೆ. ಈಗ ಅಲ್ಲಿಯ ಜನ ಅದೇ ವೇಷ ಕಟ್ಟಿ ಬಯಲಲ್ಲಿ ಸುಳ್ಳು ಯುದ್ಧ ಆಡುತ್ತಾರಂತೆ, ಕೆಲವರು ಮನೆಯಲ್ಲಿ ಶೋಕಿಗೆ ಇಡುತ್ತಾರಂತೆ. ಅಂಥವು ನೂರೈವತ್ತು ಬೇಕು ಎಂದ.

"ಅದಕ್ಕೇನ್ ಸಾರ್, ಕಣ್ಣಿರೋ ಬೋಗುಣಿ," ಅಂದ ಸಿದ್ದಬಸಪ್ಪ.

ಸಿದ್ದಬಸಪ್ಪ ತಗಡು ಬಡಿಯುವವನು, ನಾನು ಪಾಲಿಶ್ ಹಿಡಿಯುವವನು. ಅವನ ಅಪ್ಪ, ಅಜ್ಜ ಪಾತ್ರೆ ಬಡಿದೇ ಬಾಳಿದವರು. ಕುಳಿ ಕೊರೆದ ಮರದ ದಿಮ್ಮಿಯ ಮೇಲೆ ತಗಡಿಟ್ಟು ಕೊಡತಿಯಲ್ಲಿ ಬಡಿದನೆಂದರೆ ಅಳತೆಪಟ್ಟಿ ಬೇಕಾಗುತ್ತಿರಲಿಲ್ಲ. ಮುಗಿದ ಪ್ರತಿ ಟೋಪಿಯೊಳಗೂ ನಾಲ್ಕು ಕಾಳು ಅಕ್ಕಿಯನ್ನು ಪೊಟ್ಟಣ ಕಟ್ಟಿ ಹಾಕುತ್ತಿದ್ದ.

"ಇದ್ಯಾಕಯ್ಯಾ? ತಲೆ ಇಡೋ ಜಾಗ ಅದು," ಅಂದೆ.

"ಪಾತ್ರೆ ಖಾಲಿ ಕಳಿಸಬಾರದು ಕಣೋ ಬೈರಯ್ಯ. ತಲೆ ಹಾಕ್ಲಿ, ಸಾರು ಹಾಕ್ಲಿ, ಅದು ಅವರಿಷ್ಟ."

ಒಟ್ಟು ಮೂರು ಪೆಟ್ಟಿಗೆ. ಎರಡರಲ್ಲಿನ ಟೋಪಿಗಳಿಗೆ ತುಕ್ಕು ಹಿಡಿಯದಂತೆ ಗ್ರೀಸ್ ಹಚ್ಚಿ ಕಳಿಸಿದೆವು. ಮೂರನೆಯದನ್ನು ತುಂಬುವ ದಿನ ಜಿಟಿಜಿಟಿ ಮಳೆ, ಗ್ರೀಸ್ ಡಬ್ಬ ಬರಿದು. ಹೊಸದು ತರಿಸಿ ಅಂದೆ.

"ಲಾರಿ ನಿಂತಿದೆ. ಪೇಪರ್ ಸುತ್ತಿ ತುಂಬ್ರೋ," ಅಂದ ವೆಂಕಟಸ್ವಾಮಿ. ಸುತ್ತಿದವನು ನಾನೇ, ಮರೆತಿಲ್ಲ.

ಕಾರ್ತಿಕದಲ್ಲಿ ಟೋಪಿ ತರಿಸಿಕೊಂಡ ಯೂರೋಪಿನ ಸಾಹೇಬರಿಂದ ಕಾಗದ ಬಂತು, ಜೊತೆಗೆ ಫೋಟೋಗಳು. ಮೂರನೇ ಪೆಟ್ಟಿಗೆಯ ಐವತ್ತಕ್ಕೂ ತುಕ್ಕು. ಮಾಲೀಕ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದ.

"ಅಕ್ಕಿ ನೀರು ಹೀರಿ ತುಕ್ಕು ಹಿಡಿಸಿದೆ, ಸಾಹೇಬರೇ ಬರೆದಿದಾರೆ. ಟೋಪಿಗೆ ಮಡಿಲಕ್ಕಿ ತುಂಬ್ತಾನಂತೆ ಇವನು, ಬಾಣಂತನ ಒಂದು ಬಾಕಿ. ನಾಳೆಯಿಂದ ಬರಬೇಡ."

"ಅಕ್ಕಿ ಹಾಕಿದ್ದು ನಿಜ ಸಾರ್," ಅಂದ ಸಿದ್ದಬಸಪ್ಪ. ತನ್ನ ಶಾಸ್ತ್ರದಿಂದಲೇ ಕೆಟ್ಟಿತೆಂದು ನಂಬಿಬಿಟ್ಟಿದ್ದ.

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಅಕ್ಕಿ ಮೂರೂ ಪೆಟ್ಟಿಗೆಯಲ್ಲಿತ್ತು, ತುಕ್ಕು ಹಿಡಿದದ್ದು ಗ್ರೀಸ್ ಕಾಣದ ಒಂದಕ್ಕೆ. ಇಷ್ಟು ತಿಳಿಯಲು ಇಂಗ್ಲಿಷ್ ಬೇಕೇ? ಟೈಪ್ ಮಾಡುವ ಕೋಕಿಲಾಳ ಬಳಿ ಹೋದೆ.

"ಕಾಗದದಲ್ಲಿ ಅಕ್ಕಿ ಮಾತಿದೆಯೇನಮ್ಮ?"

"ಕೊನೇ ಸಾಲಲ್ಲಿದೆ ಬೈರಣ್ಣ. ಬೈದಿರೋದು ಗ್ರೀಸ್ ಹಚ್ಚಿಲ್ಲ ಅಂತ. ಅಕ್ಕಿ ಪೊಟ್ಟಣ ಚೆನ್ನಾಗಿದೆ, ಏನು ಪದ್ಧತಿ ಅಂತ ಕೇಳಿದಾರೆ ಅಷ್ಟೇ. ನಾನ್ ಹೇಳ್ದೆ ಅನ್ಬೇಡಿ."

ಅವಳ ಹೆಸರೆತ್ತಲಿಲ್ಲ. ಎಲ್ಲರ ಎದುರಿಗೆ ಮಾಲೀಕನಿಗೆ ಮೂರು ಪೆಟ್ಟಿಗೆಯ ಮಾತನ್ನಷ್ಟೇ ಹೇಳಿದೆ.

"ಪಾಲಿಶ್ ಹೊಡಿಯೋನಿಗೆ ಲಾಯರ್‌ಗಿರಿ ಯಾಕಯ್ಯಾ?" ಅಂದ.

"ಗ್ರೀಸ್ ಬೇಡ ಅಂದೋರು ನೀವು, ಸುತ್ತಿದೋನು ನಾನು. ತೆಗೆಯೋದಾದ್ರೆ ನಮ್ಮಿಬ್ಬರಲ್ಲಿ ಒಬ್ಬರನ್ನ ತೆಗೀರಿ ಸಾರ್."

ಯಾರೋ ಕಿಸಕ್ಕನೆ ನಕ್ಕರು. ಮಾಲೀಕ ಒಳಗೆ ಹೋಗಿ ಸಾಹೇಬರಿಗೆ ಉತ್ತರ ಹೇಳಿ ಬರೆಸಿದ. ಅಕ್ಕಿ ಹಾಕಿದವನದೇ ತಪ್ಪು, ಅವನನ್ನು ಕೆಲಸದಿಂದ ತೆಗೆದಿದ್ದೇವೆ ಎಂದು. ಟೈಪ್ ಮಾಡಿ ಬಂದ ಕೋಕಿಲಾ ನನ್ನ ಮುಖ ನೋಡದೆ ಇದನ್ನು ಹೇಳಿದಳು. ಪದ್ಧತಿ ಏನೆಂದು ಪ್ರೀತಿಯಿಂದ ಕೇಳಿದವರಿಗೆ ಹೋದ ಉತ್ತರ ಅದು.

"ತುಕ್ಕು ನಿನ್ನ ಅಕ್ಕಿಯಿಂದಲ್ಲ ಕಣೋ," ಎಂದು ಗೇಟಿನವರೆಗೂ ಹೇಳಿದೆ. ಸಿದ್ದಬಸಪ್ಪ ಕೊಡತಿಯನ್ನು ಟವೆಲಿನಲ್ಲಿ ಸುತ್ತಿಕೊಂಡು, "ಹಂಗಾದ್ರೆ ಸರಿ ಬಿಡು," ಅಂದ.

ಅವನು ಹೋದದ್ದು ಗುರುವಾರ. ನಾನೂ ಶನಿವಾರ ಕೆಲಸ ಬಿಟ್ಟು ಹೋದೆ.