ಏಳು ಅಂಗುಲದ ಸುಳ್ಳು

“ಇದನ್ನ ಯಾವ ಬಾಗಿಲಿಂದ ಹೊರಗೆ ತಗೊಂಡು ಹೋಗೋದು?”

ವಿನಿಫ್ರೆಡ್ ಯಾರನ್ನೂ ಕೇಳಿದ್ದಲ್ಲ. ಗಂಡ ಕ್ಲೆಮ್‌ನನ್ನು ಊರಿನ ಪುಟ್ಟ ಇಗರ್ಜಿಯ ಹಿಂದೆ ಮಣ್ಣು ಮಾಡಿ ಬಂದು ಇನ್ನೂ ಗಂಟೆಯಾಗಿರಲಿಲ್ಲ. ಕಪ್ಪು ಕೋಟು ಕಳಚದೆ ಹಿತ್ತಲ ಶೆಡ್ಡಿನಲ್ಲಿ ನಿಂತು, ಹದಿನಾರಡಿ ಉದ್ದದ ಪುಟ್ಟ ರೈಲುದಾರಿಯನ್ನು ನೋಡುತ್ತಿದ್ದಳು. ಶನಿವಾರ ಮನೆ ಬಿಡಬೇಕು. ಇನ್ನು ಇರುವುದು ಮೋರ್ಕಂಬೆ ಊರಿನ ತಂಗಿಯ ಮನೆಯಲ್ಲಿ. ಅಲ್ಲಿ ಎರಡು ಪೆಟ್ಟಿಗೆಗೂ ಜಾಗವಿಲ್ಲ.

ಅಡುಗೆಮನೆಯಲ್ಲಿ ಯಾರೋ ಬಟ್ಟಲು ತೊಳೆಯುತ್ತ ಸಮಾಧಿಯ ಬಳಿ ಹಾಡಿದ್ದ ಕೀರ್ತನೆಯನ್ನು ಗುನುಗುತ್ತಿದ್ದರು. ಮಾದರಿ ರೈಲಿನ ಕ್ಲಬ್ಬಿನ ಕಾರ್ಯದರ್ಶಿ ಗಾರ್ಡನ್ ಚಹಾ ಹಿಡಿದು ಬಂದ. ಹಿಂದೆಯೇ ಕ್ಲೆಮ್‌ನ ಗೆಳೆಯ ಬರ್ನಾರ್ಡ್.

“ನಮ್ಮ ಕ್ಲಬ್ಬಿನ ಹಾಲ್‌ಗೆ ಕೊಡಿ ತಾಯಿ, ಈಗಲೇ ವ್ಯಾನ್ ತರ್ತೀನಿ,” ಎಂದ ಗಾರ್ಡನ್. “ಆದ್ರೆ ಹಳಿ ಕಿತ್ತು ಹತ್ತಿರ ಹತ್ತಿರ ಹಾಕ್ಬೇಕು. ಎರಡು ಹಳಿ ನಡುವೆ ನಮ್ಮೆಲ್ಲರದ್ದೂ ಹದಿನಾರೂವರೆ ಮಿಲಿಮೀಟರು, ಇವರದ್ದು ಹತ್ತೊಂಬತ್ತಕ್ಕೆ ಚೂರು ಕಮ್ಮಿ. ನಮ್ಮ ಬಂಡಿ ಇಟ್ರೆ ನಡುವೆ ಬಿದ್ದು ಕುಂಡೆ ಊರಿ ಕೂರ್ತವೆ.”

“ಅಷ್ಟು ಸಣ್ಣದಕ್ಕಾ?”

“ಅಷ್ಟು ಸಣ್ಣದಕ್ಕೇ ನಾನೂ ಅವನೂ ನಲವತ್ತು ವರ್ಷ ಕಿತ್ತಾಡಿದ್ದು,” ಎಂದ ಬರ್ನಾರ್ಡ್.

*

ಕ್ಲೆಮ್ ರೈಲ್ವೆಯಲ್ಲಿ ಹಳಿ ಕೆಲಸದವನು. ಹಿಮ ಬೀಳಲಿ, ಬಿಸಿಲು ಕಾಯಲಿ, ಅಳತೆಗೋಲು ಹಿಡಿದು ಮೈಲಿಗಟ್ಟಲೆ ನಡೆದವನು. ಮೊದಮೊದಲು ಶೆಡ್ಡಿನಲ್ಲಿ ಅವನೂ ಅಂಗಡಿಯ ಹಳಿಯನ್ನೇ ಹಾಸಿದ್ದ. ಒಂದು ಭಾನುವಾರ ಪ್ರಾರ್ಥನೆ ಮುಗಿಸಿ ಬಂದವನು ಸ್ಕೇಲು ಇಟ್ಟು ಲೆಕ್ಕ ಹಾಕಿದ. ಬಂಡಿಯ ಅಳತೆ ಸರಿ. ದಾರಿ ಮಾತ್ರ, ನಿಜವಾದ ರೈಲಿನ ಅಳತೆಗೆ ಹಿಗ್ಗಿಸಿ ನೋಡಿದರೆ, ಏಳು ಅಂಗುಲ ಕಿರಿದು. ಸಂಜೆಯೊಳಗೆ ಎಲ್ಲ ಕಿತ್ತಿದ್ದ.

“ಏಳಂಗುಲಕ್ಕೆ ಸ್ವರ್ಗದ ಬಾಗಿಲು ಹಾಕ್ಕೊಳುತ್ತೇನಯ್ಯ?” ಬರ್ನಾರ್ಡ್ ನಕ್ಕಿದ್ದ. “ಓಡಿದ್ರೆ ಸಾಕು.”

“ದಿನವಿಡೀ ಸರಿಯಾಗಿ ಅಳೆದು, ಮನೆಗೆ ಬಂದು ಸುಳ್ಳು ಅಳೀಲಾ?”

ಆಮೇಲೆ ಹನ್ನೊಂದು ವರ್ಷ ಒಂದೊಂದೇ ಮರದ ಪಟ್ಟಿ ಕೊಯ್ದು, ಒಂದೊಂದೇ ಹಳಿ ಕೂರಿಸಿದ. ಅದರ ಮೇಲೆ ಬೇರೆಯವರ ಬಂಡಿ ಒಂದೂ ಓಡಲಿಲ್ಲ. ಕ್ಲಬ್ಬಿನವರು ಬರುವುದನ್ನು ಬಿಟ್ಟರು. ಬರ್ನಾರ್ಡ್ ಒಬ್ಬ ಪ್ರತಿ ಗುರುವಾರ ಬರುತ್ತಿದ್ದ. ಬಿಸ್ಕತ್ತು ತಿನ್ನುತ್ತಿದ್ದ, ಹಂಗಿಸುತ್ತಿದ್ದ, ಕತ್ತಲಾದರೂ ಏಳುತ್ತಿರಲಿಲ್ಲ.

*

“ಇಲ್ಲಾಂದ್ರೆ ಶನಿವಾರ ಕಸದ ಲಾರಿಗೆ,” ಎಂದಳು ವಿನಿಫ್ರೆಡ್. “ಅವರ ಕೈಯಿಂದ ಆಗಿದ್ದು ಎಲ್ಲಾದ್ರೂ ಉಳೀಲಿ ಅಂತ ನಂಗಾಸೆ ಬರ್ನಾರ್ಡ್. ಇಂಥ ನಾಜೂಕು ಕೆಲಸ ಬಲ್ಲೋನು ನೀನೊಬ್ಬನೇ. ನೀನೇ ಕಿತ್ತು, ಹತ್ತಿರ ಹಾಕಿಕೊಡು. ಹೇಗೂ ನಿನ್ನ ಮಾತೇ ಗೆದ್ದ ಹಾಗಾಯ್ತಲ್ಲ.”

ಗಾರ್ಡನ್ ಗೂಟದಲ್ಲಿದ್ದ ಇಕ್ಕಳವನ್ನು ತೆಗೆದು ಮುಂದೆ ಚಾಚಿದ.

ಬರ್ನಾರ್ಡ್ ಅದರತ್ತ ನೋಡಲಿಲ್ಲ. ಕ್ಲೆಮ್ ಆಸ್ಪತ್ರೆ ಸೇರಿದ ಮೂರು ತಿಂಗಳಿಂದ ಹಳಿಗಳ ಮೇಲೆ ಧೂಳು ಕೂತಿತ್ತು. ಸಮಾಧಿಯ ಬಳಿ ಒದ್ದೆಯಾಗಿದ್ದ ಕರವಸ್ತ್ರವನ್ನು ಜೇಬಿನಿಂದ ತೆಗೆದು, ಬೆರಳಿಗೆ ಸುತ್ತಿ, ಒಂದು ಹಳಿಯನ್ನು ಆ ತುದಿಯಿಂದ ಈ ತುದಿಯವರೆಗೆ ಒರೆಸಿಕೊಂಡು ಬಂದ. ತಿರುಗಿ ನಡೆದು ಮತ್ತೊಂದನ್ನು ಒರೆಸಿದ. ಎರಡೂ ಬೆಳ್ಳಗೆ ಹೊಳೆದವು.

“ಬರ್ನಾರ್ಡ್?”

“ಕಸದ ಲಾರಿಗೆ ಹೋದ್ರೂ ಅವನು ಅಳೆದ ಹಾಗೇ ಹೋಗ್ಲಿ, ವಿನ್ನಿ. ನಾನು ಕೀಳಲ್ಲ.”